ಮದ್ದೂರು ಯಾವಾಗ ಬರುತ್ತದೆ?



ಕಳೆದ ತಿಂಗಳು ಹತ್ತಿರದ ಬಂಧುಗಳ ಮನೆಯ ಮದುವೆಗೆಂದು ಬೆಂಗಳೂರಿನಿಂದ ಮೈಸೂರಿಗೆ ಹೋಗಬೇಕಾಗಿ ಬಂತು. ಕಾರು ಮಗನದು, ನಡೆಸುವವನೂ ಅವನೇ. ಹಿಂದಿನ ಆಸನದಲ್ಲಿ ನಾನು, ನನ್ನ ಹೆಂಡತಿ, ನಮ್ಮಿಬ್ಬರ ನಡುವೆ ಒಂಬತ್ತು ವರ್ಷದ ಮೊಮ್ಮಗ. ಹೊರಡುವ ಹಿಂದಿನ ರಾತ್ರಿಯೇ ಅವನಿಗೆ ದಾರಿಯ ಕಥೆಯನ್ನೆಲ್ಲ ಹೇಳಿ, ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಒಂದು ಬುಗುರಿ, ಮದ್ದೂರಿನಲ್ಲಿ ವಡೆ ಎಂದು ಮಾತು ಕೊಟ್ಟಿದ್ದೆ. ಮೇಷ್ಟರ ಮೊಮ್ಮಗನಲ್ಲವೆ, ಮೂರನ್ನೂ ಬೆರಳು ಮಡಿಸಿ ಎಣಿಸಿ ನೆನಪಿಟ್ಟುಕೊಂಡಿದ್ದ.

ಕಾರು ಹೊಸ ಹೆದ್ದಾರಿಯಲ್ಲಿ ಓಡುತ್ತಲೇ ಇತ್ತು. ಎರಡೂ ಕಡೆ ಬೇಲಿ, ನಡುವೆ ಬೂದುಬಣ್ಣದ ರಸ್ತೆ, ಮೇಲೆ ಹಸಿರು ಫಲಕಗಳು. ಹುಡುಗ ಕೇಳಿದ: "ತಾತ, ಮದ್ದೂರು ಯಾವಾಗ ಬರುತ್ತೆ?" ನಾನು ಉತ್ತರಿಸುವ ಮೊದಲೇ ಮಗ ಮುಂದಿನಿಂದ ಹೇಳಿದ: "ಅದು ಆಗಲೇ ಹೋಯ್ತಲ್ಲೋ ಪುಟ್ಟಾ, ಬೈಪಾಸಿನಲ್ಲಿ ಬಂದುಬಿಟ್ವಿ." ಬಿಡದಿಯೂ ಹೋಗಿತ್ತು, ಚನ್ನಪಟ್ಟಣವೂ ಹೋಗಿತ್ತು. ಹುಡುಗ ಮಡಿಸಿದ ಬೆರಳುಗಳನ್ನು ಬಿಡಿಸದೆ ನನ್ನ ಮುಖ ನೋಡಿದ.

ಮಂಡ್ಯ ದಾಟಿದ ಮೇಲೆ ಹೆದ್ದಾರಿಯಿಂದ ಇಳಿದು ಪಕ್ಕದಲ್ಲಿದ್ದ ಒಂದು ದೊಡ್ಡ ಆಹಾರ ಸಂಕೀರ್ಣದ ಮುಂದೆ ನಿಂತೆವು. ಗಾಜಿನ ಗೋಡೆ, ತಣ್ಣನೆಯ ಗಾಳಿ, ಸಾಲಾಗಿ ಅಂಗಡಿಗಳು. ಬೆಂಗಳೂರಿನಲ್ಲಿ ನಮ್ಮ ಮನೆಯ ಹತ್ತಿರದ ಮಾಲಿನಲ್ಲಿ ಯಾವ ಹೆಸರುಗಳಿವೆಯೋ ಅವೇ ಹೆಸರುಗಳು, ಅವೇ ಬಣ್ಣಗಳು, ಅದೇ ಎಣ್ಣೆಯ ವಾಸನೆ. ಹುಡುಗ ಕೈ ತಟ್ಟಿ ಕುಣಿದ: "ತಾತ, ಇದು ನಮ್ಮ ಮಾಲಿನ ಥರಾನೇ ಇದೆ!"

ಅವನು ಅತ್ತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅವನು ಸಂತೋಷಪಟ್ಟ. ಅದೇ ನನ್ನನ್ನು ಚುಚ್ಚಿತು. ನೂರು ಕಿಲೋಮೀಟರು ದೂರ ಬಂದ ಮಗುವೊಂದು ತಾನು ಎಲ್ಲಿಗೂ ಬಂದಿಲ್ಲವೆಂದು ಸಂತೋಷಪಡುವ ಕಾಲ ಬಂದಿದೆಯೆಂದರೆ, ಪ್ರವಾಸವೆಂಬ ಪದಕ್ಕೆ ಇನ್ನೇನು ಅರ್ಥ ಉಳಿಯಿತು?

ಆ ಪದವನ್ನೇ ಸ್ವಲ್ಪ ನೋಡಿ. 'ಪ್ರವಾಸ'ದೊಳಗೆ 'ವಾಸ'ವಿದೆ. ಮನೆಯಿಂದ ದೂರ ಹೋಗಿ, ಬೇರೆಯವರ ನೆಲದಲ್ಲಿ, ಸ್ವಲ್ಪ ಕಾಲವಾದರೂ ವಾಸಮಾಡುವುದು ಎಂಬುದು ಅದರ ಮೂಲಾರ್ಥ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ದೇಹವನ್ನು ಸಾಗಿಸಿದರೆ ಅದು ಪ್ರವಾಸವಲ್ಲ, ಸಾಗಣೆ. ಭತ್ತದ ಮೂಟೆಯೂ ಮಂಡ್ಯದಿಂದ ಬೆಂಗಳೂರಿಗೆ ಹೋಗುತ್ತದೆ. ಅದನ್ನು ಯಾರೂ ಪ್ರವಾಸಿ ಎಂದು ಕರೆಯುವುದಿಲ್ಲ.

ಬೆಂಗಳೂರು-ಮೈಸೂರು ನಡುವಿನ ಈ 118 ಕಿಲೋಮೀಟರ್ ಉದ್ದದ ಹೆದ್ದಾರಿ 2023ರ ಮಾರ್ಚ್ ತಿಂಗಳಲ್ಲಿ ಲೋಕಾರ್ಪಣೆಯಾಯಿತು. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರುಗಳನ್ನೂ ಅದು ಪಕ್ಕಕ್ಕೆ ಸರಿಸಿ ಸಾಗುತ್ತದೆ. ರೋಗಿಯನ್ನು ಹೊತ್ತ ಆಂಬ್ಯುಲೆನ್ಸಿಗೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವವನಿಗೆ ಇದು ಉಪಕಾರವೇ. ಆದರೆ ನಮ್ಮಂತಹ ಮದುವೆಗೆ ಹೊರಟವರು ಉಳಿಸಿದ ಆ ಒಂದೂವರೆ ಗಂಟೆಯನ್ನು ಏನು ಮಾಡಿದೆವು? ಲೆಕ್ಕ ಹಾಕಿ ಹೇಳುತ್ತೇನೆ. ನಲವತ್ತು ನಿಮಿಷ ಆ ಸಂಕೀರ್ಣದಲ್ಲಿ ಟೋಕನ್ ಹಿಡಿದು ಸಾಲಿನಲ್ಲಿ ನಿಂತೆವು. ಉಳಿದದ್ದನ್ನು ಕಲ್ಯಾಣಮಂಟಪದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಪ್ರತಿಯೊಬ್ಬರೂ ತಮ್ಮ ತಮ್ಮ ಮೊಬೈಲು ನೋಡುತ್ತ ಕಳೆದೆವು.

ಈಗ ಒಂದು ಹಳೆಯ ಪ್ರವಾಸದ ಮಾತು. 1988ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು, ಬಿಜಾಪುರಗಳಿಗೆ ಕರೆದುಕೊಂಡು ಹೋದೆವು. ನಿಮ್ಮಲ್ಲಿ ಕೆಲವರು ಆ ಬಸ್ಸಿನಲ್ಲಿದ್ದಿರಿ. ತುಮಕೂರು ಸೀಮೆಯ ಮಕ್ಕಳು, ಮುದ್ದೆ ಮತ್ತು ಅನ್ನ ಬಿಟ್ಟು ಬೇರೆ ಊಟ ಕಂಡವರಲ್ಲ. ಬಿಜಾಪುರದ ಒಂದು ಖಾನಾವಳಿಯಲ್ಲಿ ತಟ್ಟೆಯ ಮುಂದೆ ಕುಳಿತಾಗ, ಬಂದದ್ದು ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಬ್ಬ ಹುಡುಗ (ಹೆಸರು ಹೇಳುವುದಿಲ್ಲ, ಓದಿದರೆ ಅವನಿಗೇ ತಿಳಿಯುತ್ತದೆ) ರೊಟ್ಟಿಯನ್ನು ನೋಡಿ ಕಣ್ಣೀರು ತಂದುಕೊಂಡ. ಅನ್ನ ಬೇಕೆಂದು ಹಟ. ಬಡಿಸುತ್ತಿದ್ದ ಹಿರಿಯ ಹೆಂಗಸು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಅನ್ನ ಎಲ್ಲಿಗೂ ಓಡಿ ಹೋಗಂಗಿಲ್ಲೋ ತಮ್ಮಾ, ಮೊದಲ ರೊಟ್ಟಿ ತಿನ್ನು" ಎಂದು, ರೊಟ್ಟಿಯನ್ನು ಹೇಗೆ ಮುರಿಯಬೇಕು, ಹಿಂಡಿಯನ್ನು ಮೊಸರಿನಲ್ಲಿ ಹೇಗೆ ಕಲೆಸಬೇಕು ಎಂದು ತಾನೇ ಮಾಡಿ ತೋರಿಸಿದಳು. ಹುಡುಗ ನಾಲ್ಕು ರೊಟ್ಟಿ ತಿಂದ. ಅನ್ನ ಬರುವಷ್ಟರಲ್ಲಿ ಅವನ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಗೋಲ್ ಗುಂಬಜಿನ ಅಳತೆಯನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೆನೋ! ಇಂದು ಅದನ್ನು ನೆನಪಿಟ್ಟುಕೊಂಡವರು ಯಾರೂ ಇರಲಾರರು. ಆ ರೊಟ್ಟಿಯನ್ನು ಮಾತ್ರ ಯಾರೂ ಮರೆತಿಲ್ಲ. ಎರಡು ವರ್ಷದ ಹಿಂದೆ ಅದೇ ಹುಡುಗ, ಈಗ ಐವತ್ತರ ಗಡಿಯಲ್ಲಿರುವವನು, ದೂರದ ದೇಶದಿಂದ ದೂರವಾಣಿಯಲ್ಲಿ ಮಾತನಾಡಿದಾಗ ಮೊದಲು ಕೇಳಿದ್ದು ಆ ಹೆಂಗಸಿನ ವಿಷಯವನ್ನೇ. ಕರ್ನಾಟಕವೆಂದರೆ ತನ್ನ ಊರಷ್ಟೇ ಅಲ್ಲ, ಕನ್ನಡವೆಂದರೆ ತನ್ನ ಮನೆಯ ಮಾತಷ್ಟೇ ಅಲ್ಲ ಎಂಬುದನ್ನು ಅವನಿಗೆ ಕಲಿಸಿದವಳು ಅವಳು. ನಾನು ಬಿ.ಎಡ್. ಮಾಡಿ, ಪಾಠಯೋಜನೆ ಬರೆದು ಕಲಿಸಲಾಗದ್ದನ್ನು ಅವಳು ಒಂದು ಊಟದಲ್ಲಿ ಕಲಿಸಿದಳು. ಅಂದು ಆ ಬೀದಿಯಲ್ಲಿ ನಮ್ಮೂರಿನಲ್ಲಿ ಸಿಗುವ ಊಟವೇ ಸಿಗುವಂತಿದ್ದರೆ ನಾನೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದುಬಿಡುತ್ತಿದ್ದೆ, ಆ ಪಾಠ ತಪ್ಪಿಹೋಗುತ್ತಿತ್ತು.

ಈ ಏಕರೂಪತೆ ಆಕಾಶದಿಂದ ಉದುರಿದ್ದಲ್ಲ, ಯೋಚಿಸಿ ಕಟ್ಟಿದ್ದು. ಅಮೆರಿಕದ ಕೆಮನ್ಸ್ ವಿಲ್ಸನ್ ಎಂಬಾತ ಸಂಸಾರಸಮೇತ ರಸ್ತೆಪ್ರವಾಸಕ್ಕೆ ಹೋಗಿ, ದಾರಿಯ ವಸತಿಗೃಹಗಳಿಂದ ಬೇಸತ್ತು, 1952ರಲ್ಲಿ ಮೆಂಫಿಸ್ ನಗರದಲ್ಲಿ ಹಾಲಿಡೇ ಇನ್ ಆರಂಭಿಸಿದ. ಎಲ್ಲಿ ಹೋದರೂ ಅದೇ ಬಗೆಯ ಕೋಣೆ, ಯಾವ ಅಚ್ಚರಿಯೂ ಇಲ್ಲ ಎಂಬುದೇ ಆ ಸಂಸ್ಥೆಯ ಹೆಮ್ಮೆಯಾಯಿತು. ಊಟದಲ್ಲಿ ಇದೇ ಕೆಲಸವನ್ನು ಮೆಕ್‌ಡೊನಾಲ್ಡ್ಸ್ ಮಾಡಿತು. ಅದರ ಬಿಗ್ ಮ್ಯಾಕ್ ಲೋಕದಾದ್ಯಂತ ಎಷ್ಟು ಒಂದೇ ತೆರನಾಗಿದೆಯೆಂದರೆ, 'ದಿ ಎಕನಾಮಿಸ್ಟ್' ಪತ್ರಿಕೆ 1986ರಿಂದ ಅದರ ಬೆಲೆಯನ್ನೇ ಅಳತೆಗೋಲಾಗಿಸಿಕೊಂಡು ದೇಶದೇಶಗಳ ನಾಣ್ಯಗಳನ್ನು ತೂಗುತ್ತ ಬಂದಿದೆ. ತೂಕದ ಬಟ್ಟು ಎಲ್ಲ ಕಡೆ ಒಂದೇ ಇರಬೇಕು, ಸರಿ. ಊಟವೇ ತೂಕದ ಬಟ್ಟಾದರೆ?

ನಮ್ಮ ನಾಡಿಗೆ ಈ ಅಲೆ ಬಂದದ್ದು 1995ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಕೋಳಿಯ ಅಂಗಡಿ ತೆರೆದಾಗ. 1996ರ ಜನವರಿಯಲ್ಲಿ ರೈತಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂತು. ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ನಾವೆಲ್ಲ ನಕ್ಕೆವು. "ಒಂದು ಕೋಳಿ ಅಂಗಡಿಗೆ ಇಷ್ಟೊಂದು ಹೆದರಿಕೆಯೆ?" ಎಂದವರಲ್ಲಿ ನಾನೂ ಒಬ್ಬ. ಗಾಜು ಒಡೆಯುವುದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ನಗೆಯನ್ನು ಈಗ ಹಿಂದಕ್ಕೆ ಪಡೆಯುತ್ತೇನೆ. ನಮ್ಮ ತಟ್ಟೆಯಲ್ಲಿ ಏನಿರಬೇಕೆಂದು ನಿರ್ಧರಿಸುವವರು ಯಾರು ಎಂಬ ಅವರ ಪ್ರಶ್ನೆ ನಗುವಂತಹದಾಗಿರಲಿಲ್ಲ.

ಕಾಫಿಯ ವಿಷಯವನ್ನೇ ತೆಗೆದುಕೊಳ್ಳಿ. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯ ನಮ್ಮದು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳನ್ನೊಳಗೊಂಡ ನಮ್ಮ ರಾಜ್ಯದಲ್ಲಿ. ಅಂತಹ ಕಾಫಿಯ ನಾಡಿನಲ್ಲಿ, ಆ ಸಂಕೀರ್ಣದ ಹುಡುಗ ನನ್ನನ್ನು ಕೇಳಿದ್ದು ಇಟಲಿಯ ಹೆಸರಿನ ಯಾವ ಪಾನೀಯ ಬೇಕೆಂದು. ನಾನು "ಒಂದು ಬೈ ಟು ಕಾಫಿ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ತಪ್ಪು ಅವನದಲ್ಲ. ದೂರದ ಊರಿನಿಂದ ಹೊಟ್ಟೆಪಾಡಿಗೆ ಬಂದವನು, ಕಲಿಸಿದ ಮಾತನ್ನಷ್ಟೇ ಆಡುತ್ತಾನೆ. ಆದರೆ ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡು ಅರ್ಧ ಗಂಟೆ ಹರಟುವ ಒಂದು ಸಂಸ್ಕೃತಿ ಆ ಯಂತ್ರದ ಗುಂಡಿಗಳಲ್ಲಿ ಇರಲಿಲ್ಲ.

ಇದರಿಂದ ನಷ್ಟವಾಗುವುದು ಬರಿಯ ನಾಲಗೆಗೆ ಮಾತ್ರವಲ್ಲ. ಚನ್ನಪಟ್ಟಣದ ಬೊಂಬೆಯೆಂದರೆ ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚಿ, ಎಲೆಯಿಂದ ಉಜ್ಜಿ ಹೊಳಪು ತರುವ ಕೈಗಳ ಬದುಕು. ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳುವ ಈ ಕಸುಬಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಮಾನ್ಯತೆಯ ಪತ್ರವನ್ನು ಗೋಡೆಗೆ ತೂಗುಹಾಕಬಹುದು, ಆದರೆ ಕೊಳ್ಳುವವರು ಬೇಲಿಯಾಚೆ ನೂರರ ವೇಗದಲ್ಲಿ ಹೋಗಿಬಿಟ್ಟರೆ ಅದರಿಂದ ಒಲೆ ಉರಿಯುವುದಿಲ್ಲ. ಹಳೆಯ ದಾರಿಯ ಬದಿಯ ಅಂಗಡಿಯವರು, ಹೋಟೆಲಿನವರು, ಎಳನೀರಿನವರು ವ್ಯಾಪಾರ ಕುಸಿಯಿತೆಂದು ಹೆದ್ದಾರಿ ತೆರೆದ ದಿನಗಳಿಂದಲೂ ಹೇಳುತ್ತಲೇ ಬಂದಿದ್ದಾರೆ.

ಏಕರೂಪತೆಗೆ ಬಲವಿದೆಯೆಂದು ತಿಳಿಯುವುದೂ ಭ್ರಮೆ. ಬಾಳೆಯ ಪಾಠ ನೆನಪಿಸಿಕೊಳ್ಳಿ. ಲೋಕದ ಮಾರುಕಟ್ಟೆಯೆಲ್ಲ ಒಂದು ಕಾಲದಲ್ಲಿ ಗ್ರಾಸ್ ಮಿಚೆಲ್ ಎಂಬ ಒಂದೇ ತಳಿಯನ್ನು ನಂಬಿತ್ತು. ಕಳೆದ ಶತಮಾನದ ಮಧ್ಯಭಾಗದ ಹೊತ್ತಿಗೆ ಪನಾಮ ಸೊರಗು ರೋಗ ಆ ತೋಟಗಳನ್ನು ಹಾಳುಮಾಡಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಎಂಬ ಇನ್ನೊಂದನ್ನೇ ತಂದು ಎಲ್ಲೆಡೆ ನೆಟ್ಟರು. ಈಗ ಅದೇ ರೋಗದ ಹೊಸ ರೂಪ ಅದಕ್ಕೂ ತಗುಲುತ್ತಿದೆ. ನಮ್ಮ ನಂಜನಗೂಡಿನ ರಸಬಾಳೆಯೂ ಸೊರಗು ರೋಗದಿಂದ ವಿರಳವಾಯಿತು, ನಿಜ. ಆದರೆ ರಸಬಾಳೆ ಹೋದಾಗ ಏಲಕ್ಕಿಬಾಳೆ, ಪಚ್ಚಬಾಳೆಗಳಿದ್ದವು. ಹಲವು ಇದ್ದರೆ ಒಂದು ಬಿದ್ದಾಗ ಇನ್ನೊಂದು ನಿಲ್ಲುತ್ತದೆ. ಬಾಳೆಯ ತೋಟಕ್ಕೆ ಹೇಳಿದ ಮಾತು ದಾರಿಬದಿಯ ಊರುಗಳಿಗೂ ಸಲ್ಲುತ್ತದೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು, "ಮೇಷ್ಟ್ರಿಗೆ ವಯಸ್ಸಾಯಿತು, ಹಳೆಯದೆಲ್ಲ ಚೆನ್ನಾಗಿತ್ತು ಅಂತಾರೆ" ಎನ್ನುವಿರಿ. ಹಳೆಯದೆಲ್ಲ ಚೆನ್ನಾಗಿರಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹಳೆಯ ಮೈಸೂರು ಸೀಮೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇಲ್ಲದ ಹೋಟೆಲುಗಳು ಎಷ್ಟೋ. ನನ್ನ ತಂದೆಯವರು ಅಂತಹ ಫಲಕಗಳನ್ನು ಕಂಡವರು, ನಾಚಿಕೆಯಿಂದ ಹೇಳುತ್ತಿದ್ದವರು. ಅಂಗಡಿ, ಹೋಟೆಲುಗಳಿಗೆ ಯಾರ ಪ್ರವೇಶವನ್ನೂ ಜಾತಿಯ ಕಾರಣದಿಂದ ತಡೆಯಕೂಡದೆಂದು ನಮ್ಮ ಸಂವಿಧಾನದ 15ನೆಯ ವಿಧಿ ಹೇಳಬೇಕಾಯಿತು. ಅದಾದ ಮೇಲೂ ಹಳ್ಳಿಗಳಲ್ಲಿ ಬೇರೆ ಲೋಟಗಳು ಮಾಯವಾಗಲು ಎಷ್ಟು ಕಾಲ ಹಿಡಿಯಿತೆಂಬುದು ನಿಮಗೂ ಗೊತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಹೇಳಿದ್ದ: "ಸರ್, ಆ ಗಾಜಿನ ಅಂಗಡಿಯಲ್ಲಿ ನನ್ನನ್ನು ಯಾರೂ 'ಯಾವ ಪೈಕಿ' ಅಂತ ಕೇಳೋದಿಲ್ಲ." ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಉತ್ತರಿಸುವ ಅಧಿಕಾರವೂ ಇಲ್ಲ. ಊರಿನ ರುಚಿಯನ್ನು ಉಳಿಸುವವರು ಮೊದಲು ಊರಿನ ಪಂಕ್ತಿಭೇದವನ್ನು ಬೇರುಸಹಿತ ಕೀಳಬೇಕು. ಇಲ್ಲದಿದ್ದರೆ ಆ ಗಾಜಿನ ಅಂಗಡಿಯೇ ಗೆಲ್ಲಲಿ, ಗೆಲ್ಲುವುದು ನ್ಯಾಯವೂ ಹೌದು.

ಎರಡನೆಯದು ಶೌಚಾಲಯದ ಮಾತು. ಅಂದು ನಾವು ಆ ಸಂಕೀರ್ಣಕ್ಕೆ ಇಳಿದದ್ದು ಊಟಕ್ಕಾಗಿ ಅಲ್ಲವೇ ಅಲ್ಲ. ನನ್ನ ಹೆಂಡತಿಗೆ ಮಂಡಿನೋವು, ಶುಚಿಯಾದ ಶೌಚಾಲಯ ಬೇಕಿತ್ತು. ಈ ಲೇಖನವನ್ನು ಓದಿ ಹೇಳಿದಾಗ ಅವಳು, "ನಿಮಗೇನ್ರೀ, ಮರದ ಮರೆ ಇದ್ದರೆ ಸಾಕು. ಹೆಂಗಸರ ಪ್ರವಾಸ ಹೇಗಿತ್ತು ಅಂತ ಯಾವ ಮೇಷ್ಟರೂ ಬರೆಯಲಿಲ್ಲ. ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡುತ್ತಿದ್ವಿ" ಎಂದಳು. ತಲೆ ತಗ್ಗಿಸಿದೆ. ಆದರೆ ಯೋಚಿಸಿ ನೋಡಿ: ಶುಚಿಯಾದ ಶೌಚಾಲಯ ಕಟ್ಟುವ ವಿದ್ಯೆ ಪರದೇಶದ ಕಂಪನಿಗಳಿಗಷ್ಟೇ ಗೊತ್ತಿರುವ ರಹಸ್ಯವೆ? ನಮ್ಮ ಪುರಸಭೆಗಳು, ನಮ್ಮ ಹೋಟೆಲು ಮಾಲೀಕರು ಒಂದು ನಲ್ಲಿ, ಒಂದು ಬಕೆಟ್ಟು, ಒಂದು ಗಟ್ಟಿ ಚಿಲಕ ಒದಗಿಸಲಾರದ ಸೋಮಾರಿತನಕ್ಕೆ ಪರಂಪರೆಯೆಂಬ ಹೆಸರು ಕೊಡಬಾರದು. ವಡೆ ಮದ್ದೂರಿನದೇ ಇರಲಿ, ಶೌಚಾಲಯ ಮಾತ್ರ ಎಲ್ಲೆಡೆ ಒಂದೇ ಸಮನಾಗಿ ಶುಚಿಯಾಗಿರಲಿ. ಏಕರೂಪತೆ ಬೇಕಾದದ್ದು ಅಲ್ಲಿ!

ಮೂರನೆಯದಾಗಿ, "ಉಡುಪಿ ಹೋಟೆಲುಗಳೂ ಊರೂರಿಗೆ ಹರಡಿದವಲ್ಲ, ಅದು ಏಕರೂಪತೆಯಲ್ಲವೆ?" ಎಂದು ಕೇಳುವಿರಿ. ಹರಡಿದವು, ನಿಜ. ಆದರೆ ಹರಡಿದ್ದು ಮನುಷ್ಯರು. ಹೋದ ಊರಿನಲ್ಲಿ ಸಂಸಾರ ಹೂಡಿ, ಆ ಊರಿನವರ ನಾಲಗೆಗೆ ತಕ್ಕಂತೆ ಸಾಂಬಾರಿನ ಬೆಲ್ಲವನ್ನು ಹೆಚ್ಚುಕಡಿಮೆ ಮಾಡಿದರು. ಬೆಂಗಳೂರಿನ ಸಾಂಬಾರು ಮದರಾಸಿನ ಸಾಂಬಾರಲ್ಲ. ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರೂ ಭಾರತಕ್ಕೆಂದು ಆಲೂ ಟಿಕ್ಕಿ ಮಾಡಿಲ್ಲವೆ? ಮಾಡಿದ್ದಾರೆ. ಆದರೆ ಅದು ಮೈಸೂರಿನಲ್ಲೂ ಮೀರತ್ತಿನಲ್ಲೂ ಒಂದೇ. ಕೇಂದ್ರಕಚೇರಿಯ ಕಣ್ಣಿಗೆ 'ಇಂಡಿಯಾ' ಕಾಣುತ್ತದೆ, ಮದ್ದೂರು ಕಾಣುವುದಿಲ್ಲ. ಮದ್ದೂರು ಕಾಣಬೇಕಾದರೆ ಮದ್ದೂರಿನಲ್ಲಿ ನಿಲ್ಲಬೇಕು.

ಇನ್ನು ನಮ್ಮ ಪಾಲಿನ ತಪ್ಪು. ನಮ್ಮ ಬಂಧುಗಳಲ್ಲೇ ಕೆಲವರು (ಮುನಿಸಿಕೊಳ್ಳಬೇಡಿ) ಯುರೋಪ್ ಪ್ರವಾಸ ಮಾಡಿ ಬಂದರು. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ಗೆ ರೈಲಿನಲ್ಲಿ ಹೋಗಿ, ಹಿಮದ ನಡುವೆ ದಾಲ್ ಮತ್ತು ಅನ್ನ ತಿಂದದ್ದನ್ನೇ ದೊಡ್ಡ ಸಾಹಸದಂತೆ ವರ್ಣಿಸಿದರು. ಹನ್ನೆರಡು ದಿನಗಳಲ್ಲಿ ಆ ದೇಶಗಳ ಒಬ್ಬನೇ ಒಬ್ಬ ಮನುಷ್ಯನೊಡನೆ ಮಾತನಾಡಿದ ನೆನಪು ಅವರಿಗಿರಲಿಲ್ಲ. ಮಾಂಸ ತಿನ್ನದವರು ಮಾಂಸ ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿನ ರೊಟ್ಟಿ, ಗಿಣ್ಣು, ಹಣ್ಣುಗಳೇನು ಪಾಪ ಮಾಡಿದ್ದವು? ಅಮೆರಿಕದವನು ಹಂಪಿಗೆ ಬಂದು ತನ್ನ ಪ್ಯಾನ್‌ಕೇಕ್ ಕೇಳಿದರೆ ನಗುವ ನಾವು, ಆಲ್ಪ್ಸ್ ಪರ್ವತದ ಮೇಲೆ ಉಪ್ಪಿನಕಾಯಿಯ ಪೊಟ್ಟಣ ಬಿಚ್ಚುತ್ತೇವೆ. ಮನೆಯನ್ನು ಬೆನ್ನ ಮೇಲೆ ಹೊತ್ತು ನಡೆಯುವುದು ಬಸವನಹುಳುವಿಗೆ ಸರಿ.

ನನ್ನ ವಾದದ ತಿರುಳು ಇಷ್ಟೆ. ಪ್ರವಾಸಿ ಒಬ್ಬ ಅತಿಥಿ. ಅತಿಥಿಯಾದವನು ಸ್ವಲ್ಪ ಅಸಹಾಯಕನಾಗಿರುತ್ತಾನೆ. ದಾರಿ ಕೇಳಬೇಕು, ರೊಟ್ಟಿ ಮುರಿಯುವುದನ್ನು ಕಲಿಯಬೇಕು, ಇನ್ನೊಬ್ಬರ ಹೊತ್ತಿಗೆ, ಇನ್ನೊಬ್ಬರ ರುಚಿಗೆ ತಗ್ಗಬೇಕು. ಆ ತಗ್ಗುವಿಕೆಯೇ ವಿದ್ಯೆ. ಗ್ರಾಹಕ ತಗ್ಗಬೇಕಾಗಿಲ್ಲ, ಹಣ ಕೊಟ್ಟರೆ ಲೋಕವೇ ಅವನಿಗೆ ತಗ್ಗುತ್ತದೆ. ಆದ್ದರಿಂದ ಅವನು ಏನನ್ನೂ ಕಲಿಯುವುದಿಲ್ಲ. ನಮ್ಮ ಮಕ್ಕಳನ್ನು ನಾವು ಅತಿಥಿಗಳಾಗಲು ಬಿಡದೆ ಎಲ್ಲೆಡೆ ಗ್ರಾಹಕರನ್ನಾಗಿಯೇ ಬೆಳೆಸುತ್ತಿದ್ದೇವೆ. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಎರಡನ್ನೂ ಒಟ್ಟಿಗೆ ಹೇಳಿದ್ದು ಸುಮ್ಮನೆ ಅಲ್ಲ. ಎಲ್ಲ ಪುಟಗಳಲ್ಲೂ ಒಂದೇ ಸಾಲು ಅಚ್ಚಾದ ಕೋಶವನ್ನು ಯಾರು ತಾನೆ ಓದುತ್ತಾರೆ?

ಹೆದ್ದಾರಿಯನ್ನು ಅಗೆದುಹಾಕಿ ಎಂದು ನಾನು ಹೇಳುವುದಿಲ್ಲ. 2022ರಲ್ಲಿ ರೈಲ್ವೆ ಇಲಾಖೆ 'ಒಂದು ನಿಲ್ದಾಣ, ಒಂದು ಉತ್ಪನ್ನ' ಎಂಬ ಯೋಜನೆ ಆರಂಭಿಸಿ, ಆಯಾ ಊರಿನ ವಸ್ತುವಿಗೆ ನಿಲ್ದಾಣದಲ್ಲಿ ಮಳಿಗೆ ಕೊಟ್ಟಿತು. ಹೆದ್ದಾರಿಯ ಬದಿಯ ಪ್ರತಿಯೊಂದು ವಿಶ್ರಾಂತಿ ತಾಣದಲ್ಲೂ ಅರ್ಧದಷ್ಟು ಮಳಿಗೆಗಳು ಆಯಾ ತಾಲ್ಲೂಕಿನವರಿಗೇ ಕಡಿಮೆ ಬಾಡಿಗೆಗೆ ಸಿಗಬೇಕೆಂದು ನಾವೇಕೆ ಒತ್ತಾಯಿಸಬಾರದು? ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಸರ್ಕಾರಿ ಅಧಿಕಾರಿಗಳಿದ್ದೀರಿ, ಇಬ್ಬರು ಪುರಸಭಾ ಸದಸ್ಯರೂ ಇದ್ದೀರಿ. ನಿಮ್ಮ ಮೇಷ್ಟರ ಈ ಮಾತನ್ನು ಅಲ್ಲಿಗೆ ಮುಟ್ಟಿಸಿ.

ಮದುವೆ ಮುಗಿಸಿ ಹಿಂದಿರುಗುವಾಗ ನಾನು ಹಟ ಹಿಡಿದೆ. ಮಗ ಗೊಣಗುತ್ತಲೇ ಊರೊಳಗಿನ ಹಳೆಯ ದಾರಿ ಹಿಡಿದ. ಮನೆ ಸೇರಲು ನಾಲ್ಕು ಗಂಟೆ ಹಿಡಿಯಿತು. ಮದ್ದೂರಿನ ವಡೆಯನ್ನು ಮೊಮ್ಮಗ ಅರ್ಧ ತಿಂದು, ಈರುಳ್ಳಿ ಜಾಸ್ತಿಯೆಂದು ನನಗೆ ಕೊಟ್ಟ. ಅದೂ ಒಂದು ಅಭಿಪ್ರಾಯವೇ, ಸ್ವಂತದ್ದು. ಚನ್ನಪಟ್ಟಣದಲ್ಲಿ ಬುಗುರಿ ಕೊಂಡೆವು. ಅಂಗಡಿಯ ಹಿರಿಯರು, "ಕೊಡಿ ಮರಿ ಇಲ್ಲಿ" ಎಂದು ಅವನ ಕೈಯಿಂದ ತೆಗೆದುಕೊಂಡು, ಎರಡು ಬೆರಳಿನಲ್ಲಿ ತಿರುಚಿ ಗಾಜಿನ ಪೆಟ್ಟಿಗೆಯ ಮೇಲೆ ಬಿಟ್ಟರು. ಅದು ಗುಂಯ್‌ಗುಡುತ್ತ ಬಹಳ ಹೊತ್ತು ತಿರುಗಿತು. ಹುಡುಗ ಐದಾರು ಸಲ ಯತ್ನಿಸಿದ, ಬರಲಿಲ್ಲ. ಅಂಗಡಿಯವರಿಗೂ ಅವಸರವಿರಲಿಲ್ಲ. ನಾವಲ್ಲದೆ ಬೇರೆ ಗಿರಾಕಿಗಳೇ ಇರಲಿಲ್ಲ.

ಕೊನೆಯದಾಗಿ, ಹಳೆಯ ಅಭ್ಯಾಸ ಬಿಡಲಾರದೆ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಮುಂದಿನ ಸಲ ಎಲ್ಲಿಗಾದರೂ ಹೊರಟಾಗ, ಒಂದು ಊಟವನ್ನಾದರೂ ನಿಮ್ಮೂರಿನಲ್ಲಿ ಸಿಗದ ಕಡೆ ಮಾಡಿ. ಒಬ್ಬರೊಡನೆಯಾದರೂ ಮೊಬೈಲಿನ ನಕ್ಷೆಯನ್ನು ಮುಚ್ಚಿಟ್ಟು ದಾರಿ ಕೇಳಿ. ಮಕ್ಕಳು ಜೊತೆಗಿದ್ದರೆ ಅವರಿಂದಲೇ ಕೇಳಿಸಿ. ಏನು ಉತ್ತರ ಬಂತೆಂದು ನನಗೆ ಬರೆದು ತಿಳಿಸಿ. ಈ ಸಲ ಅಂಕಗಳಿಲ್ಲ, ಆದರೆ ಓದದೆ ಬಿಡುವುದಿಲ್ಲ.